ಸರಕಾರಕ್ಕೆ ಹಣ ಮುಗಿಯುವುದುಂಟೇ? – ಹೊಸ ಹಣ ಸಿದ್ಧಾಂತವೂ ಹಳೆಯ ನೀತಿಯೂ



ಪ್ರತಿ ವರ್ಷ ಫೆಬ್ರವರಿ ಆರಂಭದಲ್ಲಿ ಕೇಂದ್ರ ಸರಕಾರದ ಆಯವ್ಯಯ ಪತ್ರ ಸಂಸತ್ತಿನಲ್ಲಿ ಮಂಡಿತವಾಗುತ್ತದೆ. ಮರುದಿನ ನಮ್ಮ ವಾಚನಾಲಯದ ಮೇಜಿಗೆ ಬರುವ ಪತ್ರಿಕೆಗಳಲ್ಲಿ, ಕನ್ನಡದ್ದಿರಲಿ ಗುಜರಾತಿಯದ್ದಿರಲಿ, ಒಂದು ದುಂಡನೆಯ ರೂಪಾಯಿಯ ಚಿತ್ರವಿರುತ್ತದೆ. ರೂಪಾಯಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಅದರಲ್ಲಿ ಪೈಸೆಗಳ ಲೆಕ್ಕದಲ್ಲಿ ಹಂಚಿ ತೋರಿಸಿರುತ್ತಾರೆ. 2025–26ರ ಚಿತ್ರದಲ್ಲಿ ಬರುವ ರೂಪಾಯಿಯಲ್ಲಿ 22 ಪೈಸೆ ಆದಾಯ ತೆರಿಗೆಯಿಂದ, 18 ಪೈಸೆ ಜಿ.ಎಸ್.ಟಿ.ಯಿಂದ, 17 ಪೈಸೆ ಕಂಪನಿಗಳ ತೆರಿಗೆಯಿಂದ, 24 ಪೈಸೆ ಸಾಲದಿಂದ ಬರುವುದೆಂದು ತೋರಿಸಿದ್ದರು. ಉಳಿದುದು ಸಣ್ಣ ಬಾಬುಗಳದು. ಹೋಗುವ ರೂಪಾಯಿಯಲ್ಲಿ 20 ಪೈಸೆ ಹಳೆಯ ಸಾಲದ ಬಡ್ಡಿಗೇ ಹೋಗುವುದಿತ್ತು.

ಆ ಚಿತ್ರವನ್ನು ನೋಡಿದವರ ಮನಸ್ಸಿನಲ್ಲಿ ಮೊದಲು ಏಳುವ ಮಾತು ಒಂದೇ: “ಸರಕಾರವೂ ನಮ್ಮ ಹಾಗೆಯೇ, ಪಗಾರ ಸಾಲದು, ಸಾಲ ಮಾಡಿ ತಿಂಗಳು ತಳ್ಳುತ್ತದೆ.” ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಬೆಳೆದ ಒಂದು ಪಂಥದವರು, ಈ ಹೋಲಿಕೆಯೇ ತಪ್ಪು, ಸ್ವಂತ ನಾಣ್ಯವುಳ್ಳ ಸರಕಾರವು ಸಂಸಾರದಂತೆ ಅಲ್ಲವೇ ಅಲ್ಲ ಎನ್ನುತ್ತಾರೆ. ಅವರ ವಾದಕ್ಕೆ ‘ಮಾಡರ್ನ್ ಮಾನಿಟರಿ ಥಿಯರಿ’ ಎಂದು ಹೆಸರು. ನಾವು ಇದನ್ನು ‘ಆಧುನಿಕ ಹಣ ಸಿದ್ಧಾಂತ’ ಎಂದು ಕರೆಯೋಣ. ಅಮೇರಿಕದ ಹಣಕಾಸು ವ್ಯವಹಾರಸ್ಥ ವಾರೆನ್ ಮಾಸ್ಲರ್, ಪ್ರಾಧ್ಯಾಪಕ ರ‍್ಯಾಂಡಲ್ ರೇ, ಆಸ್ಟ್ರೇಲಿಯದ ಬಿಲ್ ಮಿಚೆಲ್ ಇವರು ಇದರ ಮುಖ್ಯ ಪ್ರತಿಪಾದಕರು. ಸ್ಟೆಫನಿ ಕೆಲ್ಟನ್ ಎಂಬ ವಿದುಷಿ 2020ರಲ್ಲಿ ‘ದಿ ಡೆಫಿಸಿಟ್ ಮಿಥ್’ ಎಂಬ ಗ್ರಂಥವನ್ನು ಬರೆದ ಮೇಲೆ ಇದು ಲೋಕದ ಎಲ್ಲ ಕಡೆ ಚರ್ಚೆಗೆ ಬಂತು.

ಗಿರಣಿಯಲ್ಲಿ ದುಡಿಯುವ ನಮಗೆ ಈ ಪಂಡಿತರ ಜಗಳದಿಂದ ಏನಾಗಬೇಕು ಎಂದು ಕೇಳಬಹುದು. ಆಗಬೇಕಾದುದು ಬಹಳವಿದೆ. ಶಾಲೆ ಕೇಳಿದರೆ ‘ಹಣವಿಲ್ಲ’ ಎಂಬ ಉತ್ತರ ಬರುತ್ತದೆ. ಆ ಉತ್ತರ ನಿಜವೋ ಅಲ್ಲವೋ ತಿಳಿಯಬೇಡವೇ? ಇನ್ನೊಬ್ಬರು ಬಂದು ‘ನೋಟು ಅಚ್ಚು ಮಾಡಿ ಎಲ್ಲರಿಗೂ ಹಂಚಲಿ’ ಎನ್ನುತ್ತಾರೆ. ಹಾಗೆ ಮಾಡಿದಾಗ ಬೇಳೆ, ಎಣ್ಣೆ, ಖೋಲಿಯ ಬಾಡಿಗೆ ಏರಿದರೆ ಮೊದಲು ಪೆಟ್ಟು ತಿನ್ನುವವರು ಪಗಾರದವರೇ. ಈ ಎರಡು ಮಾತುಗಳ ನಡುವೆ ಸತ್ಯ ಎಲ್ಲಿದೆ ಎಂಬುದನ್ನು ನಾವೇ ತೂಗಿ ನೋಡಬೇಕು.

1. ಸಂಸಾರದ ಲೆಕ್ಕ

ಮೊದಲು ಹಳೆಯ ನೀತಿಯನ್ನು ತಿಳಿಯೋಣ. ಇದರ ಪ್ರಕಾರ ಸರಕಾರವು ಮೊದಲು ತೆರಿಗೆ ಎತ್ತಬೇಕು. ಸಾಲದೆ ಹೋದರೆ ಸಾಲಪತ್ರ ಮಾರಿ ಜನರಿಂದಲೂ ಬ್ಯಾಂಕುಗಳಿಂದಲೂ ಕಡ ತರಬೇಕು. ಆ ಮೇಲೆ ಖರ್ಚು ಮಾಡಬೇಕು. ತೆರಿಗೆ ಮೊದಲಾದ ಉತ್ಪನ್ನಕ್ಕೂ ಖರ್ಚಿಗೂ ಇರುವ ಅಂತರವನ್ನು ವಿತ್ತೀಯ ಕೊರತೆ ಎನ್ನುತ್ತಾರೆ. ಕೊರತೆ ಹೆಚ್ಚಿದರೆ ಎರಡು ಕೇಡು ಎಂದು ಹಳೆಯ ನೀತಿ ಎಚ್ಚರಿಸುತ್ತದೆ. ಒಂದು, ಸರಕಾರವೇ ಪೇಟೆಯ ಉಳಿತಾಯವನ್ನೆಲ್ಲ ಸಾಲವಾಗಿ ಎತ್ತಿಕೊಂಡರೆ ಬಡ್ಡಿ ಏರುತ್ತದೆ, ಮಗ್ಗ ಹಾಕಬೇಕೆನ್ನುವ ವ್ಯಾಪಾರಸ್ಥನಿಗೆ ಸಾಲ ತುಟ್ಟಿಯಾಗುತ್ತದೆ. ಎರಡು, ಸಾಲದ ಬದಲಿಗೆ ಹೊಸ ಹಣವನ್ನೇ ಹುಟ್ಟಿಸಿದರೆ ಬೆಲೆಗಳು ಏರುತ್ತವೆ.

ಬೆಲೆಗಳನ್ನು ಹಿಡಿತದಲ್ಲಿಡುವ ಕೆಲಸವನ್ನು ಈ ನೀತಿ ಸರಕಾರಕ್ಕಿಂತ ಹೆಚ್ಚಾಗಿ ಕೇಂದ್ರ ಬ್ಯಾಂಕಿಗೆ ಒಪ್ಪಿಸುತ್ತದೆ. ನಮ್ಮಲ್ಲಿ ಅದು ರಿಜರ್ವ್ ಬ್ಯಾಂಕು. 2016ರಲ್ಲಿ ರಿಜರ್ವ್ ಬ್ಯಾಂಕಿನ ಕಾನೂನನ್ನು ತಿದ್ದಿ ಆರು ಜನರ ಹಣಕಾಸು ನೀತಿ ಸಮಿತಿಯನ್ನು ರಚಿಸಿದರು. ಹಣದುಬ್ಬರವನ್ನು ಶೇಕಡಾ 4ರ ಆಸುಪಾಸಿನಲ್ಲಿ, ಅಂದರೆ 2ಕ್ಕಿಂತ ಕೆಳಗಿಳಿಯದಂತೆ 6ಕ್ಕಿಂತ ಮೇಲೇರದಂತೆ, ಇಡಬೇಕೆಂಬ ಗುರಿಯನ್ನು ಅದಕ್ಕೆ ಕೊಟ್ಟರು. ಸಮಿತಿಯ ಕೈಯಲ್ಲಿರುವ ಆಯುಧವೆಂದರೆ ರೆಪೊ ಎಂಬ ಬಡ್ಡಿ ದರ. 2022ರ ಏಪ್ರಿಲಿನಲ್ಲಿ ಬೆಲೆಯೇರಿಕೆ ಶೇಕಡಾ 7.79ಕ್ಕೆ ಮುಟ್ಟಿತು. ಆಗ ಸಮಿತಿಯು ಮೇ ತಿಂಗಳಿಂದ ಆರಂಭಿಸಿ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಬಡ್ಡಿ ಏರಿದರೆ ಸಾಲ ಕಡಿಮೆ, ಸಾಲ ಕಡಿಮೆಯಾದರೆ ಕೊಳ್ಳುವುದು ಕಡಿಮೆ, ಕೊಳ್ಳುವುದು ಕಡಿಮೆಯಾದರೆ ಬೆಲೆ ತಣ್ಣಗಾಗುತ್ತದೆ. ಕೊಳ್ಳುವುದು ಕಡಿಮೆಯಾಯಿತೆಂದರೆ ಎಲ್ಲಿಯೋ ಒಂದು ಪಾಳಿ ನಿಂತಿತೆಂದೂ ಅರ್ಥ. ಈ ಸಂಗತಿಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

2. ಕಾಗದಕ್ಕೆ ಬೆಲೆ ಎಲ್ಲಿಂದ?

ಹೊಸ ಪಂಥದವರು ಬುಡದಿಂದಲೇ ಪ್ರಶ್ನೆ ಎತ್ತುತ್ತಾರೆ: ಈ ಕಾಗದದ ತುಂಡಿಗೆ ಬೆಲೆ ಎಲ್ಲಿಂದ ಬಂತು?

ನಮ್ಮವರ ಖಾನಾವಳಿಗಳನ್ನು ನೆನೆಸಿಕೊಳ್ಳಿರಿ. ಮಾಲಕನು ತಿಂಗಳ ಕೂಪನ್ ಪುಸ್ತಕ ಕೊಡುತ್ತಾನೆ. ಕೂಪನ್ ಬರಿಯ ರಟ್ಟಿನ ಚೂರು. ಆದರೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ, ಕೈಕಡಕ್ಕೆ ಬದಲಾಗಿ ಗೆಳೆಯನಿಗೆ ಕೊಡುತ್ತೇವೆ. ಯಾಕೆಂದರೆ ಕೊಟ್ಟವನೇ ಅದನ್ನು ತಿರುಗಿ ಸ್ವೀಕರಿಸುತ್ತಾನೆ. ಜರ್ಮನಿಯ ಕ್ನಾಪ್ ಎಂಬ ಪಂಡಿತನು 1905ರಲ್ಲಿಯೇ ಇಂಥ ಮಾತನ್ನು ರಾಜ್ಯದ ಹಣಕ್ಕೆ ಅನ್ವಯಿಸಿ ಹೇಳಿದ್ದನು. ಸರಕಾರವು ತನ್ನ ತೆರಿಗೆಯನ್ನು ಯಾವ ನಾಣ್ಯದಲ್ಲಿ ಸ್ವೀಕರಿಸುತ್ತದೆಯೋ ಆ ನಾಣ್ಯ ಜನರಿಗೆ ಬೇಕಾಗುತ್ತದೆ. ಬೇಕಾದುದಕ್ಕೆ ಬೆಲೆ ಬರುತ್ತದೆ. ಬೆಳ್ಳಿ ಬಂಗಾರದ ಆಧಾರ ಇರಲೇಬೇಕೆಂದಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯುಂಟು. ನಮ್ಮಲ್ಲಿ ಕಲಬುರಗಿ, ರಾಯಚೂರು, ಬೀದರ ಕಡೆಯವರು ಮನೆಯ ಹಿರಿಯರ ಬಾಯಲ್ಲಿ ‘ಹಾಲಿ ಸಿಕ್ಕಾ’ ಎಂಬ ಮಾತನ್ನು ಕೇಳಿರಬಹುದು. ಅದು ನಿಜಾಮ ಸರಕಾರದ ರೂಪಾಯಿ. 1918ರಲ್ಲಿ ಕಾನೂನು ಮಾಡಿ ಆ ಸರಕಾರವು ಸ್ವಂತ ಕಾಗದದ ನೋಟುಗಳನ್ನೂ ಹೊರಡಿಸಿತು. ಆ ಸೀಮೆಯ ಸರಕಾರವೇ ಅದನ್ನು ಹೊರಡಿಸುತ್ತಿತ್ತು, ಅದೇ ತಿರುಗಿ ಸ್ವೀಕರಿಸುತ್ತಿತ್ತು. ಆದ್ದರಿಂದ ಸಂತೆಯಲ್ಲಿಯೂ ಅದು ನಡೆಯಿತು. 1948ರಲ್ಲಿ ಆ ಸಂಸ್ಥಾನವು ಭಾರತದಲ್ಲಿ ಸೇರಿತು. 1950ರಲ್ಲಿ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿಯೆಂಬ ದರ ಗೊತ್ತಾಯಿತು. 1951ರಲ್ಲಿ ಹೊಸದಾಗಿ ಹೊರಡಿಸುವುದು ನಿಂತಿತು. 1959ರಲ್ಲಿ ಚಲಾವಣೆಯೇ ರದ್ದಾಯಿತು. ಆ ನೋಟಿನ ಕಾಗದ ಹಿಂದಿನ ದಿನ ಇದ್ದಂತೆಯೇ ಇತ್ತು, ಶಾಯಿಯೂ ಮಾಸಿರಲಿಲ್ಲ. ಅದನ್ನು ತಿರುಗಿ ಸ್ವೀಕರಿಸುವ ರಾಜ್ಯ ಮಾತ್ರ ಇರಲಿಲ್ಲ.

2016ರ ನವೆಂಬರ್ 8ರ ರಾತ್ರಿ ನಾವೆಲ್ಲ ಇದೇ ಪಾಠವನ್ನು ಕಲಿತೆವು. ಚಲಾವಣೆಯಲ್ಲಿದ್ದ ಹಣದ ಸುಮಾರು ಶೇಕಡಾ 86 ಭಾಗವಾಗಿದ್ದ 500 ಮತ್ತು 1000 ರೂಪಾಯಿಯ ನೋಟುಗಳು ಸರಕಾರದ ಒಂದು ಮಾತಿನಿಂದ ನಡೆಯದೆ ಹೋದುವು. ಮಗ್ಗ, ವಜ್ರ, ಕಸೂತಿಯ ಕೆಲಸಗಳಲ್ಲಿ ನಗದು ಪಗಾರವನ್ನೇ ನಂಬಿದ ಈ ಊರು ಆಗ ಪಟ್ಟ ಪಾಡು ನಮ್ಮಲ್ಲಿ ಅನೇಕರಿಗೆ ಮರೆತಿಲ್ಲ.

ಆದರೆ ರಾಜನ ಮಾತೊಂದೇ ಸಾಕೆಂದು ಯಾರೂ ತಿಳಿಯಬಾರದು. ಸುಮಾರು 1330ರಲ್ಲಿ ಮಹಮದ್ ಬಿನ್ ತುಘಲಕನು ತಾಮ್ರ ಹಿತ್ತಾಳೆಯ ನಾಣ್ಯಗಳಿಗೆ ಬೆಳ್ಳಿಯ ಬೆಲೆ ಕಟ್ಟಿದನು. ಗಿರೀಶ ಕಾರ್ನಾಡರ 1964ರ ‘ತುಘಲಕ್’ ನಾಟಕವನ್ನು ಓದಿದವರಿಗೆ ಈ ಕಥೆ ಗೊತ್ತು. ಮನೆಮನೆಯಲ್ಲಿ ಟಂಕಸಾಲೆ ಆರಂಭವಾಯಿತು. ಕಳ್ಳ ನಾಣ್ಯದಿಂದಲೇ ಕಂದಾಯ ಸಲ್ಲತೊಡಗಿತು. ಕೊನೆಗೆ ಸುಲ್ತಾನನು ತನ್ನ ಬೊಕ್ಕಸದ ಒಳ್ಳೆಯ ನಾಣ್ಯ ಕೊಟ್ಟು ಆ ತಾಮ್ರವನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು. ಖಾನಾವಳಿಯ ಕೂಪನ್ನನ್ನು ಯಾರು ಬೇಕಾದರೂ ಅಚ್ಚು ಹಾಕುವಂತಾದರೆ ಮಾಲಕನ ಗತಿ ಏನಾದೀತೋ ಅದೇ ಗತಿ ಅವನಿಗಾಯಿತು.

3. ಹೊರಡಿಸುವವರು, ಬಳಸುವವರು

ಇದರಿಂದ ಹೊಸ ಸಿದ್ಧಾಂತದ ಮುಖ್ಯ ಸೂತ್ರ ಹೊರಡುತ್ತದೆ. ಹಣವನ್ನು ಹೊರಡಿಸುವವರು ಬೇರೆ, ಬಳಸುವವರು ಬೇರೆ. ಖಾನಾವಳಿಯ ಗಿರಾಕಿಗೆ ಕೂಪನ್ ಮುಗಿಯಬಹುದು, ಮಾಲಕನಿಗೆ ಮುಗಿಯುವುದಿಲ್ಲ.

ನಿಮ್ಮ ಜೇಬಿನಲ್ಲಿರುವ ಒಂದು ನೋಟನ್ನು ತಿರುಗಿಸಿ ನೋಡಿರಿ. ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳಲ್ಲಿ ಬೆಲೆ ಬರೆದಿದೆ. ಗುಜರಾತಿಯ ಸಾಲಿನ ಕೆಳಗೆಯೇ ಕನ್ನಡದ ಸಾಲು. ಅನೇಕ ನೋಟುಗಳು ಅಚ್ಚಾಗುವುದೂ ಮೈಸೂರಿನಲ್ಲಿ. ರಿಜರ್ವ್ ಬ್ಯಾಂಕಿನ ಅಂಗಸಂಸ್ಥೆಯ ಎರಡು ಮುದ್ರಣಾಲಯಗಳಲ್ಲಿ ಒಂದು ಅಲ್ಲಿದೆ, ಇನ್ನೊಂದು ಬಂಗಾಲದ ಸಾಲ್ಬೋನಿಯಲ್ಲಿ. ಹೀಗೆ ನೋಟಿನ ಮೇಲೆ ಕನ್ನಡವಿದೆ, ಅಚ್ಚಿನ ಮನೆ ಕರ್ನಾಟಕದಲ್ಲಿದೆ. ಆದರೂ ವಿಧಾನಸೌಧದಲ್ಲಿ ಕುಳಿತ ಸರಕಾರಕ್ಕೆ ಅದರಲ್ಲಿ ಒಂದು ನೋಟನ್ನೂ ಹೊರಡಿಸುವ ಅಧಿಕಾರವಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನಾಣ್ಯ ಮತ್ತು ಚಲಾವಣೆಯ ವಿಷಯವು ಕೇಂದ್ರದ ಪಟ್ಟಿಗೆ ಸೇರಿದೆ. ಕೇಂದ್ರದ ಸಾಲ ಬಾಕಿಯಿರುವ ರಾಜ್ಯವು ಹೊಸ ಸಾಲ ಎತ್ತಬೇಕಾದರೂ 293ನೆಯ ವಿಧಿಯ ಮೇರೆಗೆ ಕೇಂದ್ರದ ಒಪ್ಪಿಗೆ ಬೇಕು.

ಆದ್ದರಿಂದ ಹೊಸ ಸಿದ್ಧಾಂತವನ್ನು ಪೂರ್ತಿ ಒಪ್ಪಿದವರೂ ಕರ್ನಾಟಕ ಸರಕಾರಕ್ಕೆ, ಗುಜರಾತ ಸರಕಾರಕ್ಕೆ, ಸೂರತ್ ಮಹಾನಗರಪಾಲಿಕೆಗೆ ಸಂಸಾರದ ಲೆಕ್ಕವೇ ಅನ್ವಯಿಸುತ್ತದೆ ಎನ್ನುತ್ತಾರೆ. ಇವರೆಲ್ಲ ಹಣವನ್ನು ಬಳಸುವವರು. ಇವರಿಗೆ ಹಣ ನಿಜವಾಗಿಯೂ ಮುಗಿಯಬಹುದು. ಇಂಥ ಶಿಸ್ತಿನ ಕಾನೂನನ್ನು ರಾಜ್ಯಗಳಲ್ಲಿ ಮೊದಲು ಮಾಡಿದ್ದೂ ಕರ್ನಾಟಕವೇ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾನೂನು ಕೇಂದ್ರದ ಕಾನೂನಿಗಿಂತ ಒಂದು ವರ್ಷ ಮುಂಚಿನದು. ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 3ರೊಳಗೆ ಕೊರತೆಯನ್ನು ಇಡಬೇಕೆಂಬುದು ಅದರ ಮುಖ್ಯ ಗುರಿ. ಪರದೇಶದ ಉದಾಹರಣೆ ಬೇಕಿದ್ದರೆ ಗ್ರೀಸ್ ದೇಶವಿದೆ. ಅದು 2001ರಲ್ಲಿ ಸ್ವಂತ ನಾಣ್ಯ ಬಿಟ್ಟು ಯೂರೋ ಸೇರಿತು. 2010ರಲ್ಲಿ ಸಾಲ ತೀರಿಸಲಾರದೆ ಕೈಚಾಚಿತು. ತಾನು ಹೊರಡಿಸಲಾಗದ ನಾಣ್ಯದಲ್ಲಿ ಸಾಲಗಾರನಾದುದರ ಫಲವದು. ಜಪಾನಿನ ಸರಕಾರಿ ಸಾಲ ದೇಶದ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗೂ ಮಿಕ್ಕಿದೆ. ಆದರೆ ಆ ಸಾಲ ಸ್ವಂತ ಯೆನ್ನಿನಲ್ಲಿದ್ದುದರಿಂದ ಅಂಥ ಗತಿ ಬರಲಿಲ್ಲ.

4. ಹಾಗಾದರೆ ತೆರಿಗೆ ಯಾಕೆ, ಸಾಲ ಯಾಕೆ?

ಹಣ ಮುಗಿಯದೆಂದಾದರೆ ನಮ್ಮಿಂದ ತೆರಿಗೆ ಯಾಕೆ ಎತ್ತಬೇಕು? ಇದು ನ್ಯಾಯವಾದ ಪ್ರಶ್ನೆ. ಹೊಸ ಪಂಥದವರ ಉತ್ತರ ಹೀಗಿದೆ: ತೆರಿಗೆ ಇರುವುದು ಖರ್ಚಿಗೆ ಹಣ ಕೂಡಿಸಲಿಕ್ಕಲ್ಲ. ಮೊದಲನೆಯದಾಗಿ ಅದು ನಾಣ್ಯಕ್ಕೆ ಬೇಡಿಕೆ ಹುಟ್ಟಿಸುತ್ತದೆ. ಎರಡನೆಯದಾಗಿ ಜನರ ಕೈಯಿಂದ ಕೊಳ್ಳುವ ಶಕ್ತಿಯನ್ನು ಹಿಂತೆಗೆದು ಬೆಲೆ ಏರದಂತೆ ತಡೆಯುತ್ತದೆ. ಮೂರನೆಯದಾಗಿ ಅತಿ ಶ್ರೀಮಂತಿಕೆಯನ್ನು ಇಳಿಸಲಿಕ್ಕೂ ತಂಬಾಕಿನಂಥ ವಸ್ತುಗಳ ಬಳಕೆ ತಗ್ಗಿಸಲಿಕ್ಕೂ ಉಪಯೋಗವಾಗುತ್ತದೆ. ಅಬ್ಬಾ ಲರ್ನರ್ ಎಂಬ ಅರ್ಥಶಾಸ್ತ್ರಜ್ಞನು 1943ರಲ್ಲಿಯೇ, ಸರಕಾರದ ತೆರಿಗೆ ಖರ್ಚುಗಳನ್ನು ಜಮಾ-ಖರ್ಚು ಸರಿಹೋಯಿತೇ ಎಂದು ನೋಡದೆ, ದೇಶದಲ್ಲಿ ಉದ್ಯೋಗವೂ ಬೆಲೆಯೂ ಹದದಲ್ಲಿದೆಯೇ ಎಂದು ನೋಡಿ ಅಳೆಯಬೇಕೆಂದಿದ್ದನು. ಹೊಸ ಸಿದ್ಧಾಂತದ ಒಂದು ಬೇರು ಅಲ್ಲಿದೆ.

ಇನ್ನು ಸಾಲಪತ್ರ. ಸರಕಾರವು ಸಾಲಪತ್ರ ಮಾರುವುದು ಹಣಕ್ಕಾಗಿ ಅಲ್ಲ, ಬ್ಯಾಂಕುಗಳಲ್ಲಿ ಹೆಚ್ಚಾಗಿ ನಿಂತ ಹಣಕ್ಕೆ ಬಡ್ಡಿಯ ಒಂದು ಠಾವು ಕೊಟ್ಟು ಬಡ್ಡಿ ದರವನ್ನು ಸ್ಥಿರವಾಗಿಡಲಿಕ್ಕೆ, ಎಂದು ಅವರು ಹೇಳುತ್ತಾರೆ.

ಕಾರಕೂನರಾದ ನಮಗೆ ಇದರ ಲೆಕ್ಕದ ಅಂಗ ಕಷ್ಟವಲ್ಲ. ರೋಜಮೇಳದಲ್ಲಿ ಒಬ್ಬರ ಖರ್ಚು ಇನ್ನೊಬ್ಬರ ಜಮೆಯೇ ಆಗಿರುತ್ತದೆ. ಸರಕಾರವು ಒಂದು ವರ್ಷದಲ್ಲಿ 100 ರೂಪಾಯಿ ಖರ್ಚು ಮಾಡಿ 90 ರೂಪಾಯಿ ತೆರಿಗೆಯಾಗಿ ಹಿಂದಕ್ಕೆ ಪಡೆಯಿತೆನ್ನಿರಿ. ಅದರ ಪುಸ್ತಕದಲ್ಲಿ 10 ರೂಪಾಯಿ ಕೊರತೆ. ಆ 10 ರೂಪಾಯಿ ಆವಿಯಾಗಿ ಹೋಗಲಿಲ್ಲ; ಜನರ, ಕಂಪನಿಗಳ, ಇಲ್ಲವೆ ನಮಗೆ ಮಾಲು ಮಾರಿದ ಪರದೇಶದವರ ಪುಸ್ತಕದಲ್ಲಿ ಉಳಿಕೆಯಾಗಿ ಕುಳಿತಿದೆ. ಸರಕಾರದ ಕೊರತೆಯೆಂದರೆ ಉಳಿದವರೆಲ್ಲರ ಒಟ್ಟು ಉಳಿತಾಯ. ಈ ಸಮೀಕರಣವನ್ನು ಹಳೆಯ ಪಂಥದವರೂ ಅಲ್ಲಗಳೆಯುವುದಿಲ್ಲ. ಆ ಉಳಿಕೆ ಯಾರ ಪುಸ್ತಕಕ್ಕೆ ಹೋಯಿತು, ನೇಕಾರನಿಗೋ ಸೇಠನಿಗೋ, ಎಂಬುದನ್ನು ಮಾತ್ರ ಸಮೀಕರಣ ಹೇಳುವುದಿಲ್ಲ. ಅದನ್ನು ನಾವು ಬೇರೆಯಾಗಿ ಕೇಳಬೇಕು.

5. ನಿಜವಾದ ಮಿತಿ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ‘ಎಷ್ಟು ಬೇಕಾದರೂ ನೋಟು ಅಚ್ಚು ಮಾಡಿರಿ’ ಎಂದು ಈ ಸಿದ್ಧಾಂತ ಹೇಳುವುದಿಲ್ಲ. ಖಾನಾವಳಿಯ ಮಾಲಕನಿಗೆ ಕೂಪನ್ ಮುಗಿಯದು, ನಿಜ. ಆದರೆ ರೊಟ್ಟಿ ಮುಗಿಯುತ್ತದೆ. ನೂರು ರೊಟ್ಟಿ ಬೇಯುವ ಒಲೆಯ ಮುಂದೆ ಇನ್ನೂರು ಕೂಪನ್ ಬಂದು ನಿಂತರೆ ಒಂದೋ ಜಗಳ, ಇಲ್ಲವೆ ಒಂದು ರೊಟ್ಟಿಗೆ ಎರಡು ಕೂಪನ್. ದೇಶದ ಮಟ್ಟಿಗೆ ರೊಟ್ಟಿಯೆಂದರೆ ದುಡಿಯುವ ಕೈಗಳು, ಧಾನ್ಯ, ಉಕ್ಕು, ವಿದ್ಯುತ್ತು, ಯಂತ್ರ, ಕಲಿತ ವೈದ್ಯರು ಮತ್ತು ಶಿಕ್ಷಕರು. ಇವು ಬಿಡುವಾಗಿ ಬಿದ್ದಿರುವ ತನಕ ಸರಕಾರದ ಹೊಸ ಖರ್ಚು ಅವನ್ನು ಕೆಲಸಕ್ಕೆ ಹಚ್ಚುತ್ತದೆ. ಇವು ತೀರಿದ ಮೇಲೆ ಅದೇ ಖರ್ಚು ಬೆಲೆಯನ್ನು ಏರಿಸುತ್ತದೆ.

ಕರ್ನಾಟಕದಲ್ಲಿ 2023ರಲ್ಲಿ ನಡೆದುದನ್ನು ನೋಡಿರಿ. ಅನ್ನಭಾಗ್ಯ ಯೋಜನೆಯಲ್ಲಿ ತಲಾ ಐದು ಕಿಲೋ ಅಕ್ಕಿಯನ್ನು ಹೆಚ್ಚಾಗಿ ಕೊಡಬೇಕೆಂದು ಹೊಸ ರಾಜ್ಯ ಸರಕಾರ ನಿಶ್ಚಯಿಸಿತು. ಕೊಳ್ಳಲಿಕ್ಕೆ ಹಣ ತೆಗೆದಿಟ್ಟಿತು. ಆದರೆ ಆ ಜೂನ್ ತಿಂಗಳಲ್ಲಿ ಕೇಂದ್ರವು ಪೇಟೆಯ ಬೆಲೆ ಹಿಡಿಯುವ ಕಾರಣ ಹೇಳಿ, ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಗೋದಿ ಮಾರುವುದನ್ನು ನಿಲ್ಲಿಸಿತು. ತಿಂಗಳಿಗೆ ಎರಡು ಲಕ್ಷ ಟನ್ನಿಗೂ ಮಿಕ್ಕಿದ ಅಕ್ಕಿ ಬೇರೆ ಕಡೆ ಒಮ್ಮೆಲೇ ಸಿಗಲಿಲ್ಲ. ಕೊನೆಗೆ ಜುಲೈ ತಿಂಗಳಿಂದ ಅಕ್ಕಿಯ ಬದಲು ಕಿಲೋಗೆ 34ರಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿದರು. 2025ರ ಫೆಬ್ರವರಿಯ ಪಡಿತರದಿಂದ ಅಕ್ಕಿ ಕೊಡುವುದಾಯಿತು. ಯಾರದು ಸರಿ ಯಾರದು ತಪ್ಪು ಎಂಬ ರಾಜಕೀಯವನ್ನು ಬದಿಗಿಡೋಣ. ಆ ತಿಂಗಳುಗಳಲ್ಲಿ ಹಣವಿತ್ತು, ಕೈಗೆ ಅಕ್ಕಿ ಬರಲಿಲ್ಲ.

ಗುಜರಾತಿನ ಉದಾಹರಣೆಯೂ ಇದೆ. 1972–73ರಲ್ಲಿ ದೇಶದ ಬೆಳೆ ಕೆಟ್ಟಿತ್ತು, 1973–74ರಲ್ಲಿ ಪರದೇಶದ ಎಣ್ಣೆಯ ಬೆಲೆ ನಾಲ್ಕು ಪಟ್ಟಾಗಿತ್ತು. 1974ರಲ್ಲಿ ಬೆಲೆಯೇರಿಕೆ ಶೇಕಡಾ 20ನ್ನೂ ಮೀರಿತು. ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1973ರ ಡಿಸೆಂಬರಿನಲ್ಲಿ ಎದ್ದದ್ದು ವಸತಿಗೃಹದ ಊಟದ ದರ ಏರಿಸಿದ್ದಕ್ಕೆ. ಅದೇ ನವನಿರ್ಮಾಣ ಚಳವಳಿಯಾಗಿ ಹಬ್ಬಿ 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆ ಕೊಡಬೇಕಾಯಿತು. ತಟ್ಟೆಯ ಬೆಲೆ ಸರಕಾರವನ್ನೇ ಉರುಳಿಸಬಲ್ಲದು. ಹೊಸ ಸಿದ್ಧಾಂತದವರೂ ಈ ಮಾತನ್ನು ಮರೆತು ನಡೆಯುವಂತಿಲ್ಲ.

6. ನಮ್ಮ ದೇಶ ನಡೆದು ಬಂದ ದಾರಿ

ಭಾರತಕ್ಕೆ ಈ ಎರಡೂ ದಾರಿಗಳ ಅನುಭವವಿದೆ. 1955ರಲ್ಲಿ ಸರಕಾರವೂ ರಿಜರ್ವ್ ಬ್ಯಾಂಕೂ ಒಂದು ಒಪ್ಪಂದ ಮಾಡಿಕೊಂಡುವು. ಸರಕಾರದ ನಗದು ಶಿಲ್ಕು ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ ‘ಅಡ್ ಹಾಕ್’ ಎಂಬ ಖಜಾನೆ ಹುಂಡಿಗಳು ತಾವಾಗಿಯೇ ಹುಟ್ಟಿ, ರಿಜರ್ವ್ ಬ್ಯಾಂಕು ಆ ಮೊತ್ತವನ್ನು ಸರಕಾರದ ಖಾತೆಗೆ ಜಮೆ ಮಾಡುತ್ತಿತ್ತು. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಇದು ಬಹಳ ಅನುಕೂಲವಾಯಿತು. ಆದರೆ ಕೆಲವು ದಿನಗಳ ಕೈಗಡವೆಂದು ಆರಂಭವಾದುದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು. ಇದಕ್ಕೆ ಕಡಿವಾಣ ಬೇಕೆಂದು 1994ರಲ್ಲಿ ಇನ್ನೊಂದು ಒಪ್ಪಂದವಾಗಿ, 1997ರ ಮಾರ್ಚ್ ಕೊನೆಗೆ ಆ ಪದ್ಧತಿ ನಿಂತಿತು. ಅದರ ಬದಲಿಗೆ ಮಿತಿಯುಳ್ಳ, ಬೇಗನೆ ತೀರಿಸಬೇಕಾದ ಮುಂಗಡದ ವ್ಯವಸ್ಥೆ ಬಂತು. 2003ರ ವಿತ್ತೀಯ ಹೊಣೆಗಾರಿಕೆಯ ಕಾನೂನು, 2006ರ ಏಪ್ರಿಲಿನಿಂದ ರಿಜರ್ವ್ ಬ್ಯಾಂಕು ಸರಕಾರದ ಹೊಸ ಸಾಲಪತ್ರಗಳನ್ನು ನೇರವಾಗಿ ಕೊಳ್ಳಕೂಡದೆಂದು ವಿಧಿಸಿತು. ಅಸಾಧಾರಣ ಸಂದರ್ಭಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿತು.

ಹೊಸ ಪಂಥದವರು ಇದನ್ನು ನೋಡಿ, “ಇದು ಸರಕಾರವು ತನ್ನ ಕೈಗೆ ತಾನೇ ಹಾಕಿಕೊಂಡ ಗಂಟು, ಸಂಸತ್ತು ಬೇಕೆಂದಾಗ ಬಿಚ್ಚಬಹುದು” ಎನ್ನುತ್ತಾರೆ. ಹಳೆಯ ಪಂಥದವರು, “ಗಂಟು ಹಾಕಿದ್ದು ಅನುಭವದಿಂದ, ಬಿಚ್ಚಿದರೆ ಕೈ ಎಲ್ಲಿಗೆ ಹೋಗುವುದೆಂದು ಕಂಡಿದ್ದೇವೆ” ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ.

2020ರಲ್ಲಿ ಗಂಟು ಸಡಿಲವಾಯಿತು. ಕೋವಿಡ್ ಬೇನೆಯಿಂದ ಮಗ್ಗಗಳು ನಿಂತುವು. ಆ ಏಪ್ರಿಲಿನಲ್ಲಿ ಇದೇ ಸೂರತ್ತಿನ ಬೀದಿಗಳಲ್ಲಿ ಹೊರನಾಡಿನ ಕೆಲಸಗಾರರು ಊರಿಗೆ ಕಳಿಸಿರೆಂದು ಕೂಗಿದರು. ಆ ವರ್ಷ ಕೇಂದ್ರದ ಕೊರತೆ ದೇಶದ ಉತ್ಪನ್ನದ ಶೇಕಡಾ 9.2ಕ್ಕೆ ಏರಿತು. ರಿಜರ್ವ್ ಬ್ಯಾಂಕು ಸರಕಾರಕ್ಕೆ ಕೊಡುವ ಮುಂಗಡದ ಮಿತಿಯನ್ನು 2 ಲಕ್ಷ ಕೋಟಿಗೆ ಹೆಚ್ಚಿಸಿತು. ಪೇಟೆಯಿಂದ ಸಾಲಪತ್ರಗಳನ್ನೂ ದೊಡ್ಡ ಪ್ರಮಾಣದಲ್ಲಿ ಕೊಂಡಿತು. ಸರಕಾರಿ ಉಗ್ರಾಣಗಳಲ್ಲಿ ಧಾನ್ಯವಿದ್ದುದರಿಂದ ಪಡಿತರ ಚೀಟಿಯವರಿಗೆ ತಲಾ ಐದು ಕಿಲೋ ಪುಕ್ಕಟೆ ಕೊಡಲು ಸಾಧ್ಯವಾಯಿತು. ಧಾನ್ಯವಿದ್ದಲ್ಲಿ ಹಣ ಅಡ್ಡಿಯಾಗಲಿಲ್ಲ. ಚೀಟಿ ಊರಲ್ಲಿದ್ದು ದೇಹ ಸೂರತ್ತಿನಲ್ಲಿದ್ದವರಿಗೆ ಅಡ್ಡಿಯಾದುದು ವ್ಯವಸ್ಥೆ.

7. ಕೆಲಸದ ಪ್ರಶ್ನೆ

ಹಳೆಯ ನೀತಿಗೂ ಹೊಸದಕ್ಕೂ ಇರುವ ಅತಿ ದೊಡ್ಡ ಭೇದ ಇಲ್ಲಿದೆ. ಬಡ್ಡಿ ಏರಿಸಿ ಬೆಲೆ ಇಳಿಸುವ ಪದ್ಧತಿಯಲ್ಲಿ ಕೆಲವರ ನಿರುದ್ಯೋಗವೇ ಬೆಲೆಯ ಕಡಿವಾಣ. ಹೊಸ ಸಿದ್ಧಾಂತದವರು ಇದನ್ನು ಒಪ್ಪುವುದಿಲ್ಲ. ಕೆಲಸ ಕೇಳಿದ ಪ್ರತಿಯೊಬ್ಬರಿಗೂ ಗೊತ್ತಾದ ಕೂಲಿಯಲ್ಲಿ ಸರಕಾರ ಕೆಲಸ ಕೊಡಬೇಕು. ವ್ಯಾಪಾರ ಕುಸಿದಾಗ ಜನ ಅಲ್ಲಿಗೆ ಬರುತ್ತಾರೆ, ಗಿರಣಿಗಳು ಚುರುಕಾದಾಗ ಹೆಚ್ಚಿನ ಪಗಾರಕ್ಕೆ ಹೊರಟುಹೋಗುತ್ತಾರೆ. ಹೀಗೆ ಖರ್ಚು ತಾನಾಗಿಯೇ ಏರಿ ಇಳಿದು ಬೆಲೆಯೂ ಹದದಲ್ಲಿರುತ್ತದೆ ಎಂಬುದು ಅವರ ಯೋಜನೆ.

ಇದರ ಹತ್ತಿರದ ನೆಂಟನನ್ನು ನಾವು ಕಂಡಿದ್ದೇವೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾನೂನು ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿಯ ಹಕ್ಕನ್ನು ಕೊಟ್ಟಿತು. 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗಳಲ್ಲಿ ಅದು ಆರಂಭವಾದಾಗ ಬೀದರ, ಗುಲಬರ್ಗ, ರಾಯಚೂರು ಮೊದಲ ಪಟ್ಟಿಯಲ್ಲಿಯೇ ಇದ್ದುವು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ ಬೇರೆ ಕಾನೂನನ್ನು ಅಂಗೀಕರಿಸಿತು. ಆದರೆ 2005ರ ಆ ಖಾತರಿಗೆ ದಿನಗಳ ಮಿತಿಯಿತ್ತು, ಅದು ಹಳ್ಳಿಗೆ ಮಾತ್ರ ಸಂಬಂಧಿಸಿತ್ತು. ಊರು ಬಿಟ್ಟು ಕತಾರ್‌ಗಾಮಿಗೆ ಬಂದ ಕೆಲಸಗಾರನಿಗೆ ಪಾಳಿ ನಿಂತ ದಿನ ಅದು ಒದಗುತ್ತಿರಲಿಲ್ಲ. ಹೊಸ ಸಿದ್ಧಾಂತದವರು ಕೇಳುವ ಖಾತರಿಗೆ ಇಂಥ ಗಡಿಗಳಿಲ್ಲ.

8. ಆಕ್ಷೇಪಣೆಗಳು

ಇನ್ನು ಈ ಸಿದ್ಧಾಂತದ ಮೇಲಿನ ಆಕ್ಷೇಪಣೆಗಳನ್ನು ಪಕ್ಷಪಾತವಿಲ್ಲದೆ ನೋಡಬೇಕು.

ಮೊದಲನೆಯದು: ಬೆಲೆ ಏರಿದಾಗ ತೆರಿಗೆ ಹೆಚ್ಚಿಸಿ ಇಳಿಸಬೇಕೆಂದು ಹೇಳುವುದು ಸುಲಭ. ಚುನಾವಣೆ ಎದುರಿಗಿರುವಾಗ ಯಾವ ಸರಕಾರ ತೆರಿಗೆ ಏರಿಸೀತು? ರಿಜರ್ವ್ ಬ್ಯಾಂಕಿನ ಸಮಿತಿ ಒಂದು ಸಭೆಯಲ್ಲಿ ಬಡ್ಡಿ ಬದಲಿಸಬಲ್ಲದು. ತೆರಿಗೆಯ ಮಸೂದೆ ಅಷ್ಟು ಬೇಗ ನಡೆಯದು.

ಎರಡನೆಯದು: ಹೊಸ ಸಿದ್ಧಾಂತವು ಹುಟ್ಟಿದ್ದು ಅಮೇರಿಕದಂಥ ದೇಶದಲ್ಲಿ, ಡಾಲರನ್ನು ಲೋಕವೆಲ್ಲ ಸ್ವೀಕರಿಸುತ್ತದೆ. ನಮ್ಮ ರೂಪಾಯಿಗೆ ಆ ಮಾನವಿಲ್ಲ. ನಾವು ಸುಡುವ ಕಚ್ಚಾ ತೈಲದ ಬಹುಪಾಲನ್ನು ಹೊರಗಿನಿಂದ ತರುತ್ತೇವೆ. ಸೂರತ್ತಿನ ವಜ್ರದ ಕಚ್ಚಾ ಹರಳೂ ಹೊರಗಿನದೇ. ಅವಕ್ಕೆ ಡಾಲರು ಬೇಕು, ಡಾಲರನ್ನು ಮೈಸೂರಿನಲ್ಲಿ ಅಚ್ಚು ಮಾಡಲಾಗದು. 1991ರ ಜುಲೈಯಲ್ಲಿ ಡಾಲರು ಮುಗಿಯುತ್ತ ಬಂದಾಗ ರಿಜರ್ವ್ ಬ್ಯಾಂಕಿನ ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಒತ್ತೆಯಾಗಿ ಕಳಿಸಬೇಕಾಯಿತು. ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿದರು. 2022ರ ಏಪ್ರಿಲಿನಲ್ಲಿ ಶ್ರೀಲಂಕೆಯು ಪರದೇಶದ ಸಾಲ ತೀರಿಸಲಾರೆನೆಂದು ಕೈಯೆತ್ತಿತು. ಆ ವರ್ಷ ಅಲ್ಲಿ ಬೆಲೆಯೇರಿಕೆ ಶೇಕಡಾ 70ರ ಹತ್ತಿರ ಹೋಯಿತು. ಪರದೇಶದ ನಾಣ್ಯದಲ್ಲಿ ಸಾಲ ಮಾಡಬಾರದೆಂದು ಹೊಸ ಪಂಥದವರೂ ಹೇಳುತ್ತಾರೆ. ಆದರೆ ಎಣ್ಣೆ ಇಲ್ಲದ ದೇಶಕ್ಕೆ ಅದು ಬಾಯಿಮಾತಿನಷ್ಟು ಹಗುರವಲ್ಲ.

ಮೂರನೆಯದು: ಬಿಡುವಾಗಿರುವ ಕೈಗಳು ಎಷ್ಟಿವೆ ಎಂಬುದನ್ನು ಮುಂಚಿತವಾಗಿ ಅಳೆಯುವುದು ಕಷ್ಟ. ಮಗ್ಗ ಖಾಲಿಯಿದ್ದರೂ ನೂಲು ಇಲ್ಲದೆ ಇರಬಹುದು. ಕೂಲಿಯಾಳು ಇದ್ದರೂ ಕಲಿತ ಮೇಸ್ತ್ರಿ ಇಲ್ಲದೆ ಇರಬಹುದು. ಮಿತಿ ಮುಟ್ಟಿದೆಯೆಂದು ತಿಳಿಯುವುದು ಅನೇಕ ಸಲ ಬೆಲೆ ಏರಿದ ಮೇಲೆಯೇ.

9. ನಾವು ತೆಗೆದುಕೊಳ್ಳಬೇಕಾದುದು

ಎರಡನ್ನೂ ತೂಗಿ ನೋಡಿದರೆ ನಮಗೆ ತೋರುವುದು ಇಷ್ಟು. ಹೊಸ ಸಿದ್ಧಾಂತವು ಹಣದ ಸ್ವರೂಪವನ್ನು ಹೇಳುವಲ್ಲಿ ಬಲವಾಗಿದೆ. ಸ್ವಂತ ನಾಣ್ಯದ ಕೇಂದ್ರ ಸರಕಾರವು ರೂಪಾಯಿಗಾಗಿ ದಿವಾಳಿಯೇಳಬೇಕಾಗಿಲ್ಲ. ನಿಜವಾದ ಮಿತಿ ದುಡಿಮೆ ಮತ್ತು ಸಾಮಗ್ರಿಯದು. ಹಳೆಯ ನೀತಿಯು ಮನುಷ್ಯ ಸ್ವಭಾವದ ವಿಷಯದಲ್ಲಿ ಬಲವಾಗಿದೆ. ಅಧಿಕಾರದಲ್ಲಿರುವವರ ಕೈಗೆ ಮಿತಿಯಿಲ್ಲದ ಲೇಖಣಿ ಕೊಡಬಾರದೆಂಬ ಎಚ್ಚರ ಅದರದು. ಪಗಾರದವರಾದ ನಮಗೆ ಎರಡೂ ಭಯಗಳು ನಿಜ: ಪಾಳಿ ನಿಲ್ಲುವುದೂ ಭಯ, ಬೇಳೆಯ ಬೆಲೆ ಏರುವುದೂ ಭಯ.

ಆದುದರಿಂದ ಇನ್ನು ಮುಂದೆ ‘ಹಣವಿಲ್ಲ’ ಎಂದು ಯಾರಾದರೂ ಹೇಳಿದರೆ ನಾವು ಮರುಪ್ರಶ್ನೆ ಹಾಕೋಣ: ಹೇಳುತ್ತಿರುವವರು ಹಣ ಹೊರಡಿಸುವವರೋ ಬಳಸುವವರೋ? ಪಾಲಿಕೆ ಹೇಳಿದರೆ ಅದು ನಿಜವಿರಬಹುದು. ದಿಲ್ಲಿ ಹೇಳಿದರೆ, ಇಲ್ಲದಿರುವುದು ಹಣವೋ, ಶಿಕ್ಷಕರೋ, ಸಿಮೆಂಟೋ, ಡಾಲರೋ, ಮನಸ್ಸೋ ಎಂದು ಬಿಡಿಸಿ ಕೇಳಬೇಕು. ‘ನೋಟು ಅಚ್ಚು ಮಾಡಲಿ’ ಎಂದು ಯಾರಾದರೂ ಹೇಳಿದರೆ ಅವರನ್ನೂ ಕೇಳೋಣ: ಆ ನೋಟು ಕೊಳ್ಳುವ ರೊಟ್ಟಿ ಎಲ್ಲಿದೆ, ಯಾರು ಬೇಯಿಸುತ್ತಾರೆ?

ಅಭ್ಯಾಸಕ್ಕಾಗಿ ಪ್ರಶ್ನೆಗಳು

(ಅ) ಕರ್ನಾಟಕ ಸರಕಾರಕ್ಕೂ ಕೇಂದ್ರ ಸರಕಾರಕ್ಕೂ ಹಣದ ವಿಷಯದಲ್ಲಿ ಇರುವ ಮುಖ್ಯ ಭೇದವೇನು?
(ಆ) ಹಾಲಿ ಸಿಕ್ಕಾ ನೋಟು 1959ರ ನಂತರ ಯಾಕೆ ನಡೆಯಲಿಲ್ಲ? ತುಘಲಕನ ತಾಮ್ರದ ನಾಣ್ಯ ಯಾಕೆ ಸೋತಿತು? ಎರಡು ಕಾರಣಗಳೂ ಒಂದೆಯೇ?
(ಇ) ಬೆಲೆಯೇರಿಕೆಯನ್ನು ತಡೆಯಲು ಬಡ್ಡಿ ಏರಿಸುವುದಕ್ಕೂ ತೆರಿಗೆ ಏರಿಸುವುದಕ್ಕೂ ಯಾರ ಮೇಲೆ ಎಷ್ಟು ಭಾರ ಬೀಳುತ್ತದೆ? ನಿಮ್ಮ ಗಿರಣಿಯ ಉದಾಹರಣೆ ಕೊಟ್ಟು ವಿವರಿಸಿರಿ.
(ಈ) ಈ ಸಲದ ಆಯವ್ಯಯದ ರೂಪಾಯಿಯ ಚಿತ್ರವನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಯಾವ ಖರ್ಚು ಬಿಡುವಾದ ಕೈಗಳಿಗೆ ಕೆಲಸ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂದು ಪಟ್ಟಿ ಮಾಡಿರಿ.

ಉತ್ತರಗಳನ್ನು ಬರೆದು ವಾಚನಾಲಯದ ಪೆಟ್ಟಿಗೆಯಲ್ಲಿ ಹಾಕಿರಿ. ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಉತ್ತರಗಳಿದ್ದರೆ ಅವನ್ನೇ ಮೊದಲು ಓದಿ ಚರ್ಚಿಸೋಣ.